ಸಿಸಿಲಿಯ ‘1 ಯೂರೋ ಮನೆ’ ಯೋಜನೆ: ಊರಿನ ಅಂದಕ್ಕೆ ಐದರಲ್ಲಿ ನಾಲ್ಕು ಅಂಕ, ಸಂಸಾರಕ್ಕೆ ಎರಡು

ಇಟಲಿಯ ಸಿಸಿಲಿ ದ್ವೀಪದಲ್ಲಿ ಸಾಂಬೂಕ ಎಂಬ ಪುಟ್ಟ ಊರಿದೆ. ಅಲ್ಲಿನ ಪುರಸಭೆ 2019ರಲ್ಲಿ ತನ್ನ ಒಡೆತನದ 16 ಪಾಳು ಮನೆಗಳನ್ನು ಹರಾಜಿಗಿಟ್ಟಿತು. ಸವಾಲು ಶುರುವಾದದ್ದು 1 ಯೂರೋದಿಂದ. ನಿಂತದ್ದು ಮಾತ್ರ ಒಂದೊಂದು ಮನೆಗೆ 1,000ದಿಂದ 25,000 ಯೂರೋವರೆಗೆ. 2021ರ ಎರಡನೇ ಸುತ್ತು 2 ಯೂರೋದಿಂದ ಶುರುವಾಯಿತು, 2024ರ ಮೂರನೆಯದು 3ರಿಂದ. ಜನ ಖಾಲಿಯಾಗುತ್ತಿರುವ ಊರಿಗೆ ಹೊಸಬರನ್ನು ಕರೆತರುವುದು ಉದ್ದೇಶ. ಹೊಸಬರೇನೋ ಬಂದರು. ಮಕ್ಕಳು ಮರಿ ಸಮೇತ ನೆಲೆಯೂರುವ ಸಂಸಾರಗಳಿಗೆ ಈ ಯೋಜನೆ ಎಷ್ಟು ಹೊಂದುತ್ತದೆ ಎಂಬುದನ್ನು ಇಲ್ಲಿ ತೂಗಿ, ಊರಿನ ಅಂದಕ್ಕೂ ಸಂಸಾರದ ಅನುಕೂಲಕ್ಕೂ ಐದರಲ್ಲಿ ಅಂಕ ಕೊಟ್ಟಿದೆ.

ಜನರನ್ನು ಎಳೆದದ್ದು 1 ಯೂರೋ ಅಲ್ಲ, ಊರಿನ ಮುಖ. ಇದಕ್ಕೆ ಆ ಕಡೆಯದೇ ಇನ್ನೊಂದು ಊರು ಸಲೇಮಿ ಸಾಕ್ಷಿ. ಎರಡೂ ಬೆಲಿಚೆ ಕಣಿವೆಯ ಸೀಮೆಯವು, ಎರಡೂ 1968ರ ಜನವರಿಯ ಭೂಕಂಪದ ಪೆಟ್ಟು ತಿಂದವು. 1 ಯೂರೋ ಮನೆಯ ಮಾತನ್ನು ಸಲೇಮಿ 2008ರಲ್ಲೇ ಎತ್ತಿತ್ತು. ಆಗಿನ ಮೇಯರ್ ವಿತ್ತೋರಿಯೊ ಸ್ಗಾರ್ಬಿ ಹೆಸರಾಂತ ಕಲಾ ವಿಮರ್ಶಕ, ಪ್ರಚಾರಕ್ಕೆ ಕೊರತೆಯಿರಲಿಲ್ಲ. ಆದರೂ ಕೆಲಸ ವರ್ಷಗಟ್ಟಲೆ ಕುಂಟಿತು. ರಸ್ತೆ, ಚರಂಡಿ, ಕರೆಂಟಿನ ತಂತಿಗಳೇ ಸರಿಯಿಲ್ಲದ ಓಣಿಯಲ್ಲಿ ಮನೆ ಕೊಟ್ಟರೆ ತಗೊಳ್ಳುವವರು ಯಾರು? ಅವನ್ನೆಲ್ಲ ಸರಿಮಾಡಿಕೊಂಡು ಮತ್ತೆ ಮಾರಾಟಕ್ಕಿಡುವ ಹೊತ್ತಿಗೆ ಹತ್ತು ವರ್ಷ ದಾಟಿತ್ತು. ಸಾಂಬೂಕದಲ್ಲಿ ಕ್ರಮ ತಿರುವುಮುರುವು. ಊರನ್ನು ಮೊದಲು ಚೊಕ್ಕವಾಗಿಟ್ಟುಕೊಂಡರು, 2016ರಲ್ಲಿ ಇಟಲಿಯ ಚೆಂದದ ಹಳ್ಳಿಗಳ ಟಿವಿ ಸ್ಪರ್ಧೆ ಗೆದ್ದರು, ಮನೆ ಮಾರಲು ಹೊರಟದ್ದು ಆಮೇಲೆ. ಅರಬರ ಕಾಲದ ಇಕ್ಕಟ್ಟಿನ ಓಣಿಗಳು, ಜೇನು ಬಣ್ಣದ ಕಲ್ಲು, ಕೆಳಗೆ ಅರಾಂಚೊ ಕೆರೆ. ಫೋಟೋದಲ್ಲಿ ಕಂಡದ್ದೇ ಅಲ್ಲಿ ಹೋದಾಗಲೂ ಕಾಣುತ್ತದೆ. ಅಂದಕ್ಕೆ ನಾಲ್ಕು ಅಂಕ ಅದಕ್ಕೇ.

ಇನ್ನು ಲೆಕ್ಕ. 2019ರ ಕರಾರಿನಂತೆ ಮನೆ ಹಿಡಿದವರು 5,000 ಯೂರೋ ಠೇವಣಿ ಇಡಬೇಕು, ಕನಿಷ್ಠ 15,000 ಯೂರೋ ಹಾಕಿ 3 ವರ್ಷದೊಳಗೆ ದುರಸ್ತಿ ಮುಗಿಸಬೇಕು. ಗಡುವು ತಪ್ಪಿದರೆ ಠೇವಣಿ ಹೋಯಿತು. ಮನೆಗಳು 40ರಿಂದ 150 ಚದರ ಮೀಟರ್. ಛಾವಣಿ ಕುಸಿದ ಮನೆಗೆ 15,000 ಎಲ್ಲಿಗೂ ಸಾಲದು. ನೋಂದಣಿ ತೆರಿಗೆ ವಾಸದ ಮನೆಗೆ ಶೇ 2, ಎರಡನೇ ಮನೆಗೆ ಶೇ 9. ಶೇ 2ರ ದರ ಬೇಕೆಂದರೆ 18 ತಿಂಗಳೊಳಗೆ ಆ ಊರಿನ ನಿವಾಸಿಯಾಗಬೇಕು. ಆದರೆ ಕನಿಷ್ಠ ತೆರಿಗೆ 1,000 ಯೂರೋ ಎಂದಿರುವುದರಿಂದ ಇಂಥ ಅಗ್ಗದ ಮನೆಗಳಲ್ಲಿ ಬಹುಮಟ್ಟಿಗೆ ಇಬ್ಬರದೂ ಒಂದೇ ಬಿಲ್ಲು. ಬೇಸಿಗೆಗೆ ಹದಿನೈದು ದಿನ ಬಂದು ಹೋಗುವವರಿಗೂ ಮಕ್ಕಳನ್ನು ಶಾಲೆಗೆ ಸೇರಿಸುವವರಿಗೂ ಇಲ್ಲಿ ವ್ಯತ್ಯಾಸವೇ ಇಲ್ಲ. ನೋಟರಿ ಫೀಸು, ನಕ್ಷೆ ಮತ್ತು ಪರವಾನಗಿ ಓಡಾಟಕ್ಕೆ ‘ಜೆಯೊಮೆತ್ರ’ ಎಂಬ ಸರ್ವೆಯರನ ಫೀಸು ಬೇರೆ. ಮೂಗಿಗಿಂತ ಮೂಗುತಿ ಭಾರ.

ಕೆಲಸ ಕೆಡುವುದು ಸಾಮಾನ್ಯವಾಗಿ ಹೊರಗೋಡೆಯಲ್ಲೇ. ಹಳೇ ಗೋಡೆಗಳು ಕಲ್ಲು ಮತ್ತು ಸುಣ್ಣದ ಗಾರೆಯವು. ನೆಲದಿಂದ ತೇವ ಏರುತ್ತದೆ, ಗಾರೆಯ ಮೂಲಕ ಆರಿಹೋಗುತ್ತದೆ. ಬೇಗ ಮುಗಿಯಲೆಂದು ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಎಮಲ್ಷನ್ ಹೊಡೆದರೆ ತೇವಕ್ಕೆ ಹೊರಗೆ ದಾರಿಯಿಲ್ಲ; ಅದು ಒಳಗೋಡೆಗೆ ಹೊರಳುತ್ತದೆ, ಉಪ್ಪು ಬಿಳಿ ಹೂವಿನಂತೆ ಮೂಡುತ್ತದೆ, ಕೆಲವೇ ಮಳೆಗಾಲದಲ್ಲಿ ಬಣ್ಣ ಹಪ್ಪಳದಂತೆ ಎದ್ದು ಉದುರುತ್ತದೆ. ಸುಣ್ಣದ ಗಾರೆ, ಮೇಲೆ ಸುಣ್ಣದ್ದೇ ಬಣ್ಣ: ಸರಿಯಾದ ದಾರಿ ಇದು. ಅದಕ್ಕೂ ಮೊದಲು ಸೂರು. ಅಲ್ಲಿನ ಹಂಚು ನಮ್ಮ ನಾಡಹಂಚಿನಂತೆಯೇ ಅರೆಗೊಳವೆಯಾಕಾರದ್ದು. ಒಂದು ಸಾಲು ಜಾರಿದರೂ ನೀರು ತೊಲೆಯ ತುದಿಗೆ ಇಳಿದು, ಗೋಡೆಯೊಳಗೆ ಹುದುಗಿದ ಭಾಗವೇ ಮೊದಲು ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಗಟ್ಟಿಯಾಗಿಯೇ ಕಾಣುವುದರಿಂದ ಮೋಸ ಹೋಗುವವರು ಹೆಚ್ಚು. ಓಣಿಗೆ ಲಾರಿ ನುಗ್ಗುವುದಿಲ್ಲ. ನಮ್ಮ ಊರುಗಳಲ್ಲೂ ಓಡುವ ಆಪೆಯ ಇಟಲಿ ಅಣ್ಣನೇ ಅಲ್ಲಿ ಮರಳು ತರುತ್ತದೆ, ಮಣ್ಣು ಒಯ್ಯುತ್ತದೆ. ಹೀಗಾಗಿ ಅವಶೇಷ ಸಾಗಿಸುವ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಬೇರೆಯಾಗಿ ಬರೆಸಿಕೊಳ್ಳಬೇಕು. ಐತಿಹಾಸಿಕ ವಲಯವಾದ್ದರಿಂದ ಬೀದಿಗೆ ಕಾಣುವ ಅಲ್ಯೂಮಿನಿಯಂ ಕಿಟಕಿ, ಎಸಿ ಡಬ್ಬ, ಕಂಡ ಬಣ್ಣ ಇವಕ್ಕೆ ತಕರಾರು ಬರುತ್ತದೆ. ಅನುಮತಿ ಕೈಗೆ ಬರುವ ಮುನ್ನ ಮೇಸ್ತ್ರಿಗೆ ಮುಂಗಡ ಕೊಡುವುದು ದಂಡ.

ಸರ್ಕಾರದ ಗಮನವೂ ಹೊರಗೋಡೆಯ ಮೇಲೇ ಇತ್ತು. 2020 ಮತ್ತು 2021ರಲ್ಲಿ ಇಟಲಿ ಮುಂಗೋಡೆ ದುರಸ್ತಿ ಖರ್ಚಿನ ಶೇ 90ರಷ್ಟನ್ನು ತೆರಿಗೆಯಲ್ಲಿ ವಜಾ ಕೊಟ್ಟಿತು, 2022ರಲ್ಲಿ ಶೇ 60. ಷರತ್ತು ಏನೆಂದರೆ ಗೋಡೆ ಬೀದಿಗೆ ಕಾಣಬೇಕಿತ್ತು. ಬೀದಿಗೆ ಕಾಣದ ಒಳಅಂಗಳದ ಗೋಡೆಗೆ ಆ ಸವಲತ್ತಿರಲಿಲ್ಲ. ಹೊರಗೆ ಶೃಂಗಾರ, ಒಳಗೆ ಗೋಣಿಸೊಪ್ಪು ಎಂಬ ಗಾದೆಗೆ ಅಧಿಕೃತ ಮುದ್ರೆ ಬಿದ್ದದ್ದು ಬಹುಶಃ ಇದೇ ಮೊದಲು.

ಸಂಸಾರಕ್ಕೆ ಎರಡೇ ಅಂಕ ಏಕೆಂದರೆ ಚೆಂದದ ಓಣಿ ಮಕ್ಕಳ ಪಾಠ ಕಲಿಸುವುದಿಲ್ಲ. ಇಟಲಿಯ 2009ರ ನಿಯಮದಂತೆ ಪ್ರಾಥಮಿಕ ಶಾಲೆಯ ಒಂದು ತರಗತಿಗೆ 15 ಮಕ್ಕಳಾದರೂ ಬೇಕು, ಗುಡ್ಡಗಾಡು ಮತ್ತು ಚಿಕ್ಕ ದ್ವೀಪಗಳಲ್ಲಿ 10. ಅಷ್ಟಿಲ್ಲದ ಕಡೆ 8ರಿಂದ 18 ಮಕ್ಕಳನ್ನು ಸೇರಿಸಿ ಹಲವು ತರಗತಿಗಳಿಗೆ ಒಂದೇ ಕೋಣೆ. ಅಂದರೆ ಸಣ್ಣ ಊರಿಗೆ ನಾಲ್ಕು ಮಕ್ಕಳು ಬಂದರೂ ತರಗತಿ ಉಳಿಯಬಹುದು, ನಾಲ್ಕು ಮಕ್ಕಳು ಹೋದರೂ ಮುಚ್ಚಬಹುದು. ತೆರಿಗೆಯ ಸೆಳೆತವಂತೂ ಅಜ್ಜ ಅಜ್ಜಿಯರಿಗೆ: ದಕ್ಷಿಣದ ಸಣ್ಣ ಊರುಗಳಿಗೆ ವಾಸ ಬದಲಿಸುವ ವಿದೇಶಿ ಪಿಂಚಣಿದಾರರಿಗೆ ಶೇ 7ರ ಒಂದೇ ದರ ಬಂದದ್ದೂ 2019ರಲ್ಲೇ. ಎಳೆಯ ದಂಪತಿಗೆ ಅಷ್ಟು ದೊಡ್ಡ ಆಮಿಷ ಈ ಮನೆ ಹರಾಜಿನಲ್ಲಿ ಇಲ್ಲ.

ಈ ದೃಷ್ಟಿಯಲ್ಲಿ ಸಿಸಿಲಿಯದೇ ಇನ್ನೊಂದು ಊರು ಮುಸೊಮೇಲಿ ಮೇಲು. ಅಲ್ಲೂ ಅಗ್ಗದ ಮನೆಗಳಿವೆ, ಬಂಡೆಯ ಮೇಲೆ 14ನೇ ಶತಮಾನದ ಕೋಟೆಯಿದೆ, ಜತೆಗೆ ಒಂದು ಆಸ್ಪತ್ರೆಯಿದೆ. ವೈದ್ಯರ ಕೊರತೆ ಬಿದ್ದಾಗ ಊರಿನವರು ಅರ್ಜೆಂಟೀನಾದಿಂದ ವೈದ್ಯರನ್ನು ಕರೆಸಿಕೊಂಡರು. ಮಗು ಇರುವವರಿಗೆ ಕೋಟೆಗಿಂತ ಅದು ಮುಖ್ಯ. ಒಂದು ತೊಡಕಿದೆ: ಮುಸೊಮೇಲಿಯ ಮನೆಗಳು ಖಾಸಗಿಯವರವು. ಅಣ್ಣತಮ್ಮಂದಿರ ಪಾಲಿನಲ್ಲಿ ಸಿಕ್ಕಿಕೊಂಡ ಮನೆಗೆ ವಾರಸುದಾರರೆಲ್ಲರ ಸಹಿ ಸಿಗುವವರೆಗೆ ಕಾಯಬೇಕು. ಸಾಂಬೂಕದಲ್ಲಿ ಪುರಸಭೆಯೇ ಒಡೆಯ, ಕಾಗದಪತ್ರ ಸಲೀಸು.

ಯೂರೋಪಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಮನೆ ಕೊಂಡರೆ ವೀಸಾ ಸಿಗುವುದಿಲ್ಲ. ಇಟಲಿಯ ವಾಸದ ಪರವಾನಗಿ ಇಲ್ಲದ ಭಾರತೀಯ ಪಾಸ್‌ಪೋರ್ಟಿಗೆ ಪರಸ್ಪರತೆಯ ನಿಯಮ (ನಿಮ್ಮ ದೇಶ ಇಟಲಿಯವರಿಗೆ ಕೊಳ್ಳಲು ಬಿಟ್ಟರೆ ಮಾತ್ರ ನಿಮಗೂ ಇಲ್ಲಿ ಬಿಡುತ್ತಾರೆ ಎಂಬುದು) ಅಡ್ಡ ಬರಬಹುದು. ಠೇವಣಿಗೆ ಮುಂಚೆಯೇ ನೋಟರಿಯಿಂದ ಅದನ್ನು ಖಚಿತಪಡಿಸಿಕೊಳ್ಳಿ.

ನೋಡಲು ಹೋಗುವುದಾದರೆ ಆಗಸ್ಟ್ ಬೇಡ, ಹಬ್ಬದ ಜನಜಂಗುಳಿಯಲ್ಲಿ ಯಾವ ಊರೂ ತುಂಬಿದಂತೆ ಕಾಣುತ್ತದೆ. ಫೆಬ್ರವರಿಯ ಒಂದು ಮಂಗಳವಾರ ಹೋಗಿ. ಬೆಳಗ್ಗೆ ಎಂಟಕ್ಕೆ ಶಾಲೆಯ ಗೇಟಿನಲ್ಲಿ ನಿಂತು ತಲೆ ಎಣಿಸಿ. ಸೂರುಗಳ ಮೇಲಿನ ನೀರಿನ ಟ್ಯಾಂಕುಗಳ ಗಾತ್ರ ನೋಡಿ: ಸಾಂಬೂಕ ಇರುವ ಅಗ್ರಿಜೆಂತೊ ಸೀಮೆಯಲ್ಲಿ ನಲ್ಲಿ ನೀರು ಸರದಿಯ ಮೇಲೆ ಬರುವುದು ಹಳೇ ಕತೆ, 2024ರ ಬರದಲ್ಲಿ ಅದು ಇನ್ನೂ ಬಿಗಿಯಾಯಿತು. ಕತ್ತಲಾದ ಮೇಲೆ ಅದೇ ಚೆಂದದ ಓಣಿಯಲ್ಲಿ ಇನ್ನೊಂದು ಸುತ್ತು ಹಾಕಿ, ಎಷ್ಟು ಕಿಟಕಿಗಳಲ್ಲಿ ದೀಪವಿದೆ ಎಂದು ಎಣಿಸಿಕೊಂಡು ಬನ್ನಿ.