ಸ್ಟಾಯ್ಕಿಯೋಮೆಟ್ರಿ ಹೇಳ್ಕೊಡೋಕೆ ಯಾವ ದಾರಿ: ತ್ರೈರಾಶಿ, ಯೂನಿಟ್ ಕ್ಯಾನ್ಸಲ್, ಟೇಬಲ್, ಪಿಒಎಸಿ

ಫಸ್ಟ್ ಪಿಯು ಕೆಮಿಸ್ಟ್ರಿಲಿ ಮೊದಲನೇ ಚಾಪ್ಟರ್‌ನ ಸ್ಟಾಯ್ಕಿಯೋಮೆಟ್ರಿಗೇ, ಅಂದ್ರೆ ರಿಯಾಕ್ಷನ್‌ನಲ್ಲಿ ಯಾವುದು ಎಷ್ಟು ಬೇಕು, ಎಷ್ಟು ಬರತ್ತೆ ಅನ್ನೋ ಲೆಕ್ಕಕ್ಕೇ, ಮಕ್ಕಳು ಸುಸ್ತಾಗಿಬಿಡ್ತಾರೆ. ಎಸ್ಸೆಸ್ಸೆಲ್ಸಿಲಿ ಸೈನ್ಸ್‌ಗೆ 90ರ ಮೇಲೆ ತಗೊಂಡು ಬಂದಿರೋರೂ ಮೋಲ್ (ಅಣು, ಪರಮಾಣುಗಳನ್ನ ಎಣಿಸೋ ಅಳತೆ) ಅಂದ ತಕ್ಷಣ ಪೆನ್ ಕೆಳಗಿಡ್ತಾರೆ. ಬುದ್ಧಿ ಕಮ್ಮಿ ಅಂತ ಅಲ್ಲ, ನಾವು ಹೇಳ್ಕೊಡೋ ದಾರಿಲೇ ಏನೋ ತೊಡಕಿದೆ ಅಂತ ನನಗೆ ಬಹಳ ದಿನದಿಂದ ಅನ್ನಿಸ್ತಾ ಇತ್ತು, ಅದಕ್ಕೆ ಕಳೆದ ಕೆಲವು ವರ್ಷದಿಂದ ಬೇರೆ ಬೇರೆ ಸೆಕ್ಷನ್‌ಗೆ ಬೇರೆ ಬೇರೆ ದಾರಿಲಿ ಶುರು ಮಾಡಿ ನೋಡಿದೀನಿ. ನೀಟ್, ಸಿಇಟಿ ಬರೀಬೇಕು ಅಂತ ಇರೋ, ಸ್ವಲ್ಪ ಚುರುಕಾದ ಮಕ್ಕಳ ಬ್ಯಾಚ್‌ಗಳು ಇವು.

ಎಲ್ಲರಿಗೂ ಕೊಟ್ಟಿದ್ದು ಒಂದೇ ಲೆಕ್ಕ. 28 ಗ್ರಾಂ ನೈಟ್ರೋಜನ್, 8 ಗ್ರಾಂ ಹೈಡ್ರೋಜನ್ ಇದೆ, ರಿಯಾಕ್ಷನ್ ಪೂರ್ತಿ ನಡೀತು ಅಂತ ಇಟ್ಕೊಳ್ಳಿ, ಅಮೋನಿಯಾ ಎಷ್ಟು ಬರತ್ತೆ, ಯಾವುದು ಎಷ್ಟು ಉಳಿಯತ್ತೆ? ಕೇಳಿದ ಕೂಡ್ಲೇ ಕ್ಲಾಸಲ್ಲಿ ಮುಕ್ಕಾಲು ಪಾಲು ಮಕ್ಕಳು ಹೈಡ್ರೋಜನ್ ಮುಗಿಯತ್ತೆ ಅಂತಾರೆ, ಯಾಕಂದ್ರೆ 8 ಕಮ್ಮಿ ಅಲ್ವಾ. ಮುಗಿಯೋದು ನೈಟ್ರೋಜನ್.

ಮೊದಲು ತ್ರೈರಾಶಿ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಇದು ಹೈಸ್ಕೂಲಿಂದಾನೇ ಕೈಗೆ ಹತ್ತಿರೋ ಲೆಕ್ಕ. 48 ಗ್ರಾಂ ಮೆಗ್ನೀಷಿಯಂ ಉರಿದ್ರೆ 80 ಗ್ರಾಂ ಮೆಗ್ನೀಷಿಯಂ ಆಕ್ಸೈಡ್, ಹಾಗಾದ್ರೆ 6 ಗ್ರಾಂ ಉರಿದ್ರೆ ಎಷ್ಟು ಅಂದ್ರೆ ಅಡ್ಡ ಗುಣಾಕಾರ ಮಾಡಿ 10 ಅಂತ ಹೇಳಿಬಿಡ್ತಾರೆ. ಮೊದಲನೇ ದಿನ ಧೈರ್ಯ ಬರೋಕೆ ಇದಕ್ಕಿಂತ ಒಳ್ಳೇದು ಇಲ್ಲ. ಆದ್ರೆ ಎರಡು ರಿಯಾಕ್ಟೆಂಟ್ (ರಿಯಾಕ್ಷನ್‌ಗೆ ಹಾಕೋ ವಸ್ತು) ಕೊಟ್ಟ ದಿನ ಇದು ಕೈ ಕೊಡತ್ತೆ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗ, ಓದೋದ್ರಲ್ಲಿ ಮುಂದಿರೋನೇ, 6 ಗ್ರಾಂ ಹೈಡ್ರೋಜನ್‌ಗೆ 34 ಗ್ರಾಂ ಅಮೋನಿಯಾ, ಹಾಗಾದ್ರೆ 8 ಗ್ರಾಂಗೆ 45.3 ಗ್ರಾಂ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಹಾಕಿದ್ದು ಒಟ್ಟು 36 ಗ್ರಾಂ, ಬಂದಿದ್ದು 45 ಹೇಗಪ್ಪಾ ಅಂತ ಕೇಳಿದೆ. ಪುಸ್ತಕ ನೋಡಿದ, ನನ್ನ ನೋಡಿದ, ಮತ್ತೆ ಗುಣಾಕಾರ ಸರಿ ಇದೆಯಾ ಅಂತ ಚೆಕ್ ಮಾಡ್ದ. ಗುಣಾಕಾರ ಸರಿಯಾಗೇ ಇತ್ತು, ಅಲ್ಲೇ ಇರೋದು ತೊಂದರೆ. ತ್ರೈರಾಶಿಲಿ ಅಂಕಿ ಕೂರಿಸೋದು ಅಷ್ಟೇ ಕೆಲಸ, ಪಾತ್ರೆ ಒಳಗೆ ಏನಾಗ್ತಿದೆ ಅಂತ ನೋಡೋ ಅಗತ್ಯಾನೇ ಬರಲ್ಲ. ಇನ್ನೊಂದು, ಈಕ್ವೇಷನ್‌ನಲ್ಲಿ ಮೋಲ್ ಎಷ್ಟು ಅಂತ ಹೇಳೋ 2, 1 ನೋಡಿ 2 ಗ್ರಾಂ ಮೆಗ್ನೀಷಿಯಂಗೆ 1 ಗ್ರಾಂ ಆಕ್ಸಿಜನ್ ಅಂತ ಬರೆಯೋರು ಪ್ರತಿ ವರ್ಷ ಸಿಗ್ತಾರೆ, ಅದೂ ಈ ದಾರಿಲಿ ಶುರು ಮಾಡಿದ ಸೆಕ್ಷನ್‌ನಲ್ಲೇ ಜಾಸ್ತಿ.

ಎರಡನೇದು ಯೂನಿಟ್ ಕ್ಯಾನ್ಸಲ್ ಮಾಡೋದು. ಗ್ರಾಂನಿಂದ ಮೋಲ್, ಮೋಲ್‌ನಿಂದ ಇನ್ನೊಂದರ ಮೋಲ್, ಅಲ್ಲಿಂದ ಗ್ರಾಂ ಅಥವಾ ಲೀಟರ್, ಎಲ್ಲಾ ಒಂದೇ ಸಾಲಲ್ಲಿ ಭಿನ್ನರಾಶಿ ಥರ ಬರೆದು ಮೇಲೆ ಕೆಳಗೆ ಒಂದೇ ಯೂನಿಟ್ ಇದ್ರೆ ಹೊಡೀತಾ ಹೋಗೋದು. 24.5 ಗ್ರಾಂ ಪೊಟಾಷಿಯಂ ಕ್ಲೋರೇಟ್ ಕಾಯಿಸಿದ್ರೆ ಆಕ್ಸಿಜನ್ ಎಷ್ಟು ಲೀಟರ್ ಅನ್ನೋ ಥರದ ಲೆಕ್ಕಕ್ಕೆ ಇದು ಬಹಳ ಚೆನ್ನಾಗಿದೆ, ಅದರ ಮೋಲಾರ್ ಮಾಸ್, ಅಂದ್ರೆ ಒಂದು ಮೋಲ್‌ನ ತೂಕ, 122.5ರಿಂದ ಭಾಗಿಸಿ 0.2 ಮೋಲ್, ಈಕ್ವೇಷನ್ ಪ್ರಕಾರ ಎರಡಕ್ಕೆ ಮೂರರಂತೆ 0.3 ಮೋಲ್ ಆಕ್ಸಿಜನ್, 22.4ರಿಂದ ಗುಣಿಸಿ 6.72 ಲೀಟರ್. ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಏನಂದ್ರೆ, ಯಾವ ಫ್ಯಾಕ್ಟರ್ ಹಾಕ್ತಿದೀವಿ ಅಂತ ಕಣ್ಣಿಗೆ ಕಾಣೋ ಹಾಗೆ ಬರೆಯಲೇಬೇಕು. 1982ರಲ್ಲಿ ಕೆಮಿಸ್ಟ್ರಿಯ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ ಸ್ಟ್ಯಾಂಡರ್ಡ್ ಪ್ರೆಷರ್‌ನ 1 ಬಾರ್‌ಗೆ ಬದಲಾಯಿಸಿದ ಮೇಲೆ ಮೋಲಾರ್ ವಾಲ್ಯೂಮ್, ಅಂದ್ರೆ ಒಂದು ಮೋಲ್ ಗ್ಯಾಸ್ ಹಿಡಿಯೋ ಜಾಗ, 22.7 ಲೀಟರ್ ಆಯ್ತು, 1 ಅಟ್ಮಾಸ್ಫಿಯರ್ ಅಂದ್ರೆ 22.4. ಯಾವುದು ಹಾಕ್ದೆ ಅಂತ ಸಾಲಲ್ಲೇ ಗೊತ್ತಾಗತ್ತೆ.

ಆದ್ರೆ ನಮ್ಮ ಅಮೋನಿಯಾ ಲೆಕ್ಕಕ್ಕೆ ಬಂದ್ರೆ ಎರಡು ಸಾಲು ಬರೀಬೇಕು, ಒಂದರಲ್ಲಿ 34 ಬರತ್ತೆ, ಇನ್ನೊಂದರಲ್ಲಿ 45.3, ಚಿಕ್ಕದೇ ಉತ್ತರ ಅಂತ ಹೇಳ್ಕೊಡ್ತೀವಿ. ಉತ್ತರ ಸರಿ ಬರೀತಾರೆ. ಯಾಕೆ ಚಿಕ್ಕದು ಅಂತ ಕೇಳಿದ್ರೆ ಸುಮ್ನಾಗ್ತಾರೆ, ಹೈಡ್ರೋಜನ್ ಎಷ್ಟು ಉಳೀತು ಅಂದ್ರೆ 45.3ರಲ್ಲಿ 34 ಕಳೆದು 11.3 ಅಂತ ಬರೆದೋರೂ ಇದಾರೆ, ಹಾಕಿದ್ದೇ 8 ಗ್ರಾಂ ಅನ್ನೋದು ಮರೆತುಹೋಗಿರತ್ತೆ.

ಮೂರನೇದು ಟೇಬಲ್. ನನ್ನ ಓಟು ಇದಕ್ಕೇ. ಇದನ್ನ ಶುರು ಮಾಡೋದು ಹೋಟೆಲ್ ಪ್ಲೇಟಿಂದ: ಎರಡು ಇಡ್ಲಿ, ಒಂದು ವಡೆ ಸೇರಿದ್ರೆ ಒಂದು ಪ್ಲೇಟ್. 30 ಇಡ್ಲಿ, 12 ವಡೆ ಇದೆ. ಎಷ್ಟು ಪ್ಲೇಟ್? ಯಾರೂ ತಪ್ಪು ಹೇಳಲ್ಲ, 12 ಪ್ಲೇಟ್, 6 ಇಡ್ಲಿ ಉಳಿಯತ್ತೆ. ಇಲ್ಲಿ ಮುಗಿದಿದ್ದು ವಡೆ, ಅದೇ ಲಿಮಿಟಿಂಗ್. ಆಮೇಲೆ ಬೋರ್ಡ್ ಮೇಲೆ ಈಕ್ವೇಷನ್ (N₂ + 3H₂ → 2NH₃) ಕೆಳಗೆ ಮೋಲ್‌ನಲ್ಲಿ ಮೂರು ಸಾಲು, ನೈಟ್ರೋಜನ್, ಹೈಡ್ರೋಜನ್, ಅಮೋನಿಯಾ ಅದೇ ಕ್ರಮದಲ್ಲಿ:

ಮೊದಲು: 1, 4, 0
ಬದಲಾವಣೆ: −1, −3, +2
ನಂತರ: 0, 1, 2

28 ಗ್ರಾಂ ನೈಟ್ರೋಜನ್ ಅಂದ್ರೆ 1 ಮೋಲ್, 8 ಗ್ರಾಂ ಹೈಡ್ರೋಜನ್ ಅಂದ್ರೆ 4 ಮೋಲ್. ಕೊನೇ ಸಾಲನ್ನ ಗ್ರಾಂ ಮಾಡಿದ್ರೆ 2 ಗ್ರಾಂ ಹೈಡ್ರೋಜನ್, 34 ಗ್ರಾಂ ಅಮೋನಿಯಾ, ಕೂಡಿದ್ರೆ 36, ಹಾಕಿದಷ್ಟೇ. ಈ ಕೂಡೋ ಕೆಲಸ ಬಿಡೋಕೆ ನಾನು ಯಾವತ್ತೂ ಬಿಡಲ್ಲ, ಮಗು ತನ್ನ ಉತ್ತರ ತಾನೇ ತಿದ್ಕೊಳ್ಳೋದು ಅಲ್ಲೇ.

ಇದರಲ್ಲೂ ತಪ್ಪು ಆಗತ್ತೆ. ಒಂದು, ಟೇಬಲ್ ಒಳಗೆ ಗ್ರಾಂ ತುಂಬೋದು. ಎರಡು, ಬದಲಾವಣೆ ಸಾಲಲ್ಲಿ ಇರೋದನ್ನೆಲ್ಲಾ ಕಳೆದು −1, −4 ಅಂತ ಬರೆಯೋದು. ಇಡ್ಲಿ ಎಲ್ಲಾ ಖಾಲಿ ಆಯ್ತಾ ಅಂತ ಒಂದು ಮಾತು ಕೇಳಿದ್ರೆ ಸಾಮಾನ್ಯವಾಗಿ ತಾವೇ ಅಳಿಸ್ತಾರೆ. ಟೈಮ್ ಜಾಸ್ತಿ ಹಿಡಿಯತ್ತೆ ಅನ್ನೋದು ನಿಜ, ಸಿಇಟಿಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ, ಪ್ರತಿ ಲೆಕ್ಕಕ್ಕೂ ಟೇಬಲ್ ಹಾಕ್ತಾ ಕೂತ್ರೆ ಆಗಲ್ಲ. ಆದ್ರೆ ಇದು ಇದೊಂದೇ ಚಾಪ್ಟರ್‌ಗೆ ಮುಗಿಯೋದಿಲ್ಲ. ಮುಂದೆ ಈಕ್ವಿಲಿಬ್ರಿಯಂ (ರಿಯಾಕ್ಷನ್ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯೋ ಸ್ಥಿತಿ) ಬಂದಾಗ ಅದೇ ಮೂರು ಸಾಲು, ಬದಲಾವಣೆ ಜಾಗದಲ್ಲಿ ಎಕ್ಸ್, 3ಎಕ್ಸ್, 2ಎಕ್ಸ್ ಬರತ್ತೆ ಅಷ್ಟೇ. ಟೇಬಲ್ ಗೊತ್ತಿರೋ ಸೆಕ್ಷನ್‌ಗೆ ಅದನ್ನ ನಾನು ಹೊಸದಾಗಿ ಹೇಳ್ಕೊಡಬೇಕಾಗಲೇ ಇಲ್ಲ, ಉಳಿದ ಸೆಕ್ಷನ್‌ಗಳಿಗೆ ಎರಡು ಪಿರಿಯಡ್ ಹೋಯ್ತು.

ಪಿಒಎಸಿ, ಅಂದ್ರೆ ಪರಮಾಣು ಎಲ್ಲೂ ಕಳೆದುಹೋಗಲ್ಲ ಅನ್ನೋ ಲೆಕ್ಕ, ಕೋಚಿಂಗ್‌ಗೆ ಹೋಗೋ ಮಕ್ಕಳು ಹಿಡ್ಕೊಂಡು ಬರ್ತಾರೆ. ಅದರ ಶಕ್ತಿ ದೊಡ್ಡದೇ. 27.6 ಗ್ರಾಂ ಪೊಟಾಷಿಯಂ ಕಾರ್ಬೋನೇಟ್‌ನಲ್ಲಿರೋ ಕಾರ್ಬನ್ ಎಲ್ಲಾ ಹಲವಾರು ಸ್ಟೆಪ್ ದಾಟಿ ಕೊನೆಗೆ ಪೊಟಾಷಿಯಂ ಜಿಂಕ್ ಫೆರೋಸೈನೈಡ್ ಆಯ್ತು ಅನ್ನೋ ಹಳೇ ಪ್ರಶ್ನೆ ಇದೆಯಲ್ಲ, ಅದರಲ್ಲಿ ಮಧ್ಯದ ಒಂದು ರಿಯಾಕ್ಷನ್ನೂ ಬೇಡ. ಕಾರ್ಬನ್ 0.2 ಮೋಲ್, ಕೊನೇ ವಸ್ತುವಿನ ಒಂದು ಮೋಲ್‌ನಲ್ಲಿ ಕಾರ್ಬನ್ 12 ಮೋಲ್, ಮೋಲಾರ್ ಮಾಸ್ 698, ಉತ್ತರ 11.6 ಗ್ರಾಂ. ಆದ್ರೆ ಮೊದಲೇ ಇದನ್ನ ಕೊಟ್ರೆ ಮಕ್ಕಳು ಈಕ್ವೇಷನ್ ಬ್ಯಾಲೆನ್ಸ್ ಮಾಡೋದನ್ನೇ ಬಿಟ್ಟುಬಿಡ್ತಾರೆ, ಮತ್ತೆ ನಮ್ಮ ಅಮೋನಿಯಾ ಲೆಕ್ಕದಲ್ಲಿ ಹೈಡ್ರೋಜನ್ ಎಲ್ಲಾ ಅಮೋನಿಯಾಗೇ ಹೋಯ್ತು ಅಂದ್ಕೊಂಡು ಅದೇ 45.3ಕ್ಕೆ ಬಂದು ನಿಲ್ತಾರೆ. ಆ ಪರಮಾಣು ಪೂರ್ತಿ ಅಲ್ಲಿಗೇ ಹೋಗಿದೆ ಅಂತ ಖಾತ್ರಿ ಇದ್ರೆ ಮಾತ್ರ ಇದು.

ಹಾಗಾಗಿ ಈಗ ನಾನು ಮೊದಲು ಟೇಬಲ್, ಅದು ಕೈಗೆ ಹತ್ತಿದ ಮೇಲೆ ಒಂದೇ ರಿಯಾಕ್ಟೆಂಟ್ ಲೆಕ್ಕಕ್ಕೆ ಯೂನಿಟ್ ಕ್ಯಾನ್ಸಲ್, ಪಿಒಎಸಿ ಜನವರಿ ರಿವಿಷನ್‌ನಲ್ಲಿ. ಟೇಬಲ್ ಜೊತೆಗೆ ಒಂದು ಲ್ಯಾಬ್ ಪಿರಿಯಡ್ ದಯವಿಟ್ಟು ತಗೊಳ್ಳಿ. ನಾಲ್ಕು ಬಾಟ್ಲಿಗೆ 50 ಎಂಎಲ್‌ನಂತೆ 4% ವಿನೆಗರ್, ನಾಲ್ಕು ಬಲೂನ್‌ಗೆ 1, 2, 3, 4 ಗ್ರಾಂ ಅಡುಗೆ ಸೋಡಾ. ಬಲೂನ್ ಬಾಯಿನ ಬಾಟ್ಲಿಗೆ ಸಿಗಿಸಿ ಸೋಡಾ ಒಳಗೆ ಬೀಳಿಸಿ. ಮೊದಲ ಮೂರು ಬಲೂನ್ ಒಂದಕ್ಕಿಂತ ಒಂದು ದೊಡ್ಡದಾಗತ್ತೆ, ನಾಲ್ಕನೇದು ಮೂರನೇದರಷ್ಟೇ ಇರತ್ತೆ, ಯಾಕಂದ್ರೆ ಅಷ್ಟು ವಿನೆಗರ್‌ಗೆ ಸಾಕಾಗೋ ಸೋಡಾ ಸುಮಾರು 2.8 ಗ್ರಾಂ. ಆಮೇಲೆ ಬಲೂನ್ ತೆಗೆದು ಒಂದನೇ ಬಾಟ್ಲಿಗೂ ನಾಲ್ಕನೇದಕ್ಕೂ ಸ್ವಲ್ಪ ವಿನೆಗರ್ ಹಾಕ್ಸಿ. ಒಂದನೇದು ತಣ್ಣಗಿರತ್ತೆ, ನಾಲ್ಕನೇದು ಬುಸ್ ಅಂತ ಮತ್ತೆ ನೊರೆ ಬರತ್ತೆ, ಆಗ ಉಳಿದಿದ್ದು ಯಾವುದು ಅಂತ ನಾವು ಹೇಳೋ ಮುಂಚೆ ಹಿಂದಿನ ಬೆಂಚಿಂದಾನೇ ಕೂಗ್ತಾರೆ.