ಷೆಂಗೆನ್ ವೀಸಾ: ಉಳಿತಾಯ ಖಾತೆಯೋ, ಠೇವಣಿಯೋ, ಗಲ್ಫಿನ ಅಣ್ಣನೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ಕೃಷಿಕರು ಯುರೋಪಿಗೆ ಹೊರಟರೆ, ಅಲ್ಲಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಮೊದಲ ತೊಡಕು ಹಣದ ದಾಖಲೆಯೇ. ಪ್ರವಾಸದ ಖರ್ಚಿಗೆ ಹಣವಿದೆ ಎಂದು ತೋರಿಸಲು ಮೂರು ದಾರಿ. 90 ಯೂರೋ ಶುಲ್ಕ, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವೈದ್ಯಕೀಯ ವಿಮೆ ಯಾವ ದಾರಿಗೂ ಒಂದೇ.

ಉಳಿತಾಯ ಖಾತೆಯೇ ನೇರ ದಾರಿ. ಆದರೆ ಅಡಿಕೆ ದುಡ್ಡು ಸಂಬಳದಂತಲ್ಲ, ಒಮ್ಮೆಲೇ ಬೀಳುತ್ತದೆ. ಅರ್ಜಿಗೆ ವಾರ ಮೊದಲು ನಾಲ್ಕು ಲಕ್ಷ ಜಮೆಯಾದರೆ ಸಾಲ ತಂದು ತುಂಬಿಸಿದಂತೆ ಕಾಣುತ್ತದೆ. ಸ್ಟೇಟ್‌ಮೆಂಟಿನಲ್ಲಿ ಆ ಜಮೆಗೆ ಗುರುತು ಹಾಕಿ, ಅಡಿಕೆ ಕೊಂಡ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಬಿಲ್ಲು ಲಗತ್ತಿಸಿ. ಭೂತೆರಿಗೆ ರಶೀದಿ, ಕೃಷಿ ಆದಾಯ ತೋರಿಸಿದ ಐಟಿ ರಿಟರ್ನ್ ಜೊತೆಗಿರಲಿ.

ನಿಶ್ಚಿತ ಅವಧಿಯ ಠೇವಣಿ (ಎಫ್‌ಡಿ) ಬೆಂಬಲಕ್ಕೆ ಒಳ್ಳೆಯದು, ಅದೊಂದೇ ಸಾಲದು: ಅವಧಿ ಮುಗಿಯದ ಹಣ ದಾರಿಖರ್ಚಿಗೆ ಸುಲಭವಾಗಿ ಒದಗುವುದಿಲ್ಲ.

ಖಾತೆಯಲ್ಲಿ ಹಣ ಕಡಿಮೆಯಿದ್ದರೆ ದುಬೈಯ ಅಣ್ಣ ಖರ್ಚು ವಹಿಸುವುದೇ ಲೇಸು. ಅವರ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಂಧದ ದಾಖಲೆ ಬೇಕು. ಆಗ ಅರ್ಜಿಯಲ್ಲಿ ಬರೀ ‘ಸ್ವಂತ ಖರ್ಚು’ ಎಂದು ಗುರುತು ಹಾಕಬೇಡಿ. ಹಾಕಿದರೆ ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.