ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಕ್ಕೆ: ಹಾಯಿದೋಣಿಯಲ್ಲಿ 19 ದಿನ

ನಾನು ಹೊನ್ನಾವರದವಳು. ಶರಾವತಿ ಕಡಲು ಸೇರುವ ಅಳಿವೆ ನೋಡುತ್ತಾ ಬೆಳೆದವಳು. ಮೀನಿಗೆ ಹೋದ ದೋಣಿ ಅಳಿವೆ ದಾಟಿ ಒಳಗೆ ಬರುವ ತನಕ ಮನೆಯವರ ಎದೆ ಡವಡವ ಅನ್ನುವುದು ನನಗೆ ಗೊತ್ತು. ಹಾಗಾಗಿ ಕಡಲಿನ ಬಗ್ಗೆ ಭಯವೂ ಇದೆ, ಪ್ರೀತಿಯೂ ಇದೆ. 2013ರಲ್ಲಿ ಅಭಿಲಾಷ್ ಟಾಮಿ ಗೋವಾದಲ್ಲಿ ಕಟ್ಟಿದ 'ಮ್ಹಾದೇಯಿ'ಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದಾಗ ನನಗೂ ಆಸೆ ಹುಟ್ಟಿತು. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯ ಹೆಸರೇ ಆ ದೋಣಿಗೂ! 2018ರಲ್ಲಿ ನೌಕಾಪಡೆಯ ಆರು ಮಹಿಳೆಯರು 'ತಾರಿಣಿ'ಯಲ್ಲಿ ಸುತ್ತಿ ಬಂದರು. ಆಮೇಲೆ ತಡೆಯಲಿಲ್ಲ. ನಾನು ಕೆಲಸ ಮಾಡುವ ನೆದರ್‌ಲ್ಯಾಂಡ್ಸ್‌ನಲ್ಲಿ, ಐಸಲ್‌ಮೀರ್ ಸರೋವರದಲ್ಲಿ ಎರಡು ಬೇಸಿಗೆ ಹಾಯಿ ಕಲಿತೆ.

ಕಳೆದ ನವೆಂಬರ್‌ನಲ್ಲಿ ಅಟ್ಲಾಂಟಿಕ್ ದಾಟಿದೆ: ಆಫ್ರಿಕಾ ಪಕ್ಕದ ಕ್ಯಾನರಿ ದ್ವೀಪಗಳಲ್ಲಿರುವ ಲಾಸ್ ಪಾಲ್ಮಾಸ್ ಬಂದರಿನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪಕ್ಕೆ. ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. 46 ಅಡಿಯ ದೋಣಿ. ಸ್ಕಿಪ್ಪರ್ (ದೋಣಿಯ ಕ್ಯಾಪ್ಟನ್), ಅವರ ಸಹಾಯಕ, ಮತ್ತೆ ದುಡ್ಡು ಕೊಟ್ಟು ಸೇರಿದ ನಾವು ಆರು ಜನ. ದುಡ್ಡು ಕೊಟ್ಟರೂ ಕೆಲಸ ತಪ್ಪುವುದಿಲ್ಲ. ಹಾಯಿ ಎಳೆಯುವುದು, ಚುಕ್ಕಾಣಿ ಹಿಡಿಯುವುದು, ಅಡುಗೆ, ಕಕ್ಕಸು ತೊಳೆಯುವುದು, ಎಲ್ಲದಕ್ಕೂ ಸರದಿ ಇತ್ತು.

ಕಂಪನಿಯ ಹೆಸರು ಬರೆಯುವುದಿಲ್ಲ. ಆದರೆ ಆದದ್ದನ್ನು ಹೇಳಲೇಬೇಕು. ಬುಕ್ ಮಾಡುವಾಗ 'ಎಲ್ಲ ಸೇರಿ' ಎಂದಿದ್ದರು. ಬಂದರಿಗೆ ಬಂದ ಮೇಲೆ ಊಟಕ್ಕೆ, ಡೀಸೆಲ್‌ಗೆ ಎಂದು ತಲಾ 450 ಯೂರೋ ಕೇಳಿದರು. ಅದು ಹೋಗಲಿ. ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ಇದೆ, ದಿನಾ ಸ್ನಾನ ಮಾಡಬಹುದು ಎಂದೂ ಬರೆದಿದ್ದರು. ಆ ಯಂತ್ರದ ಪಂಪು ಹಿಂದಿನ ಪ್ರಯಾಣದಲ್ಲೇ ಕೈಕೊಟ್ಟಿತ್ತು. ದೋಣಿಯ ದಿನಚರಿ ಪುಸ್ತಕದಲ್ಲಿ ಅದು ದಾಖಲಾಗಿತ್ತು. ಆಫೀಸಿಗೆ ಗೊತ್ತಿತ್ತು. ಸುಮ್ನೆ ಇದ್ದುಬಿಟ್ಟಿದ್ದರು.

ನಮಗೆ ಹೇಳಿದ್ದು ಸ್ಕಿಪ್ಪರ್. ಮೊದಲ ಸಂಜೆಯೇ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಪುಸ್ತಕ ತೆರೆದು ತೋರಿಸಿದರು. ಎಂಟು ಜನ, ತಲಾ ದಿನಕ್ಕೆ ಮೂರು ಲೀಟರ್, 21 ದಿನ: 504 ಲೀಟರ್. 300 ಲೀಟರಿನ ಎರಡು ಟ್ಯಾಂಕ್ ಇವೆ, ಜೊತೆಗೆ 200 ಲೀಟರ್ ಬಾಟಲಿ ನೀರು ತರಿಸುತ್ತೇನೆ, ಯಂತ್ರ ಓಡಿದರೆ ಲಾಭ ಎಂದುಕೊಳ್ಳಿ ಎಂದರು. ಇಳಿಯುವವರು ಇಲ್ಲೇ ಇಳಿಯಬಹುದು, ದುಡ್ಡು ವಾಪಸ್ ಕೊಡಿಸಲು ನಾನೇ ಆಫೀಸಿಗೆ ಬರೆಯುತ್ತೇನೆ ಎಂದೂ ಹೇಳಿದರು. ಯಾರೂ ಇಳಿಯಲಿಲ್ಲ. ಎರಡನೇ ಟ್ಯಾಂಕಿನ ವಾಲ್ವ್ ಮುಚ್ಚಿ, ಅದರ ಮೇಲೆ ಕೆಂಪು ಟೇಪ್ ಸುತ್ತಿದರು. ಆರನೇ ದಿನ ಯಂತ್ರ ನಿಂತಿತು. ಆ ಹೊತ್ತಿಗೆ ನಾವು ಆಫ್ರಿಕಾ ಕರಾವಳಿಯಿಂದ ಬಹಳ ದೂರ ಬಂದಿದ್ದೆವು. ಹಿಂದಿರುಗುವುದು ಸುಲಭವಿರಲಿಲ್ಲ, ಗಾಳಿ ಎದುರಿಗೆ ಬರುತ್ತಿತ್ತು. ಆದರೂ ಯಾರ ಮುಖದಲ್ಲೂ ಗಾಬರಿ ಕಾಣಲಿಲ್ಲ. ಆ ಟೇಪ್ ನಮ್ಮ ಕಣ್ಣೆದುರಿಗೇ ಇತ್ತಲ್ಲ!

ದಾರಿಯ ಬಗ್ಗೆ ಹೇಳುತ್ತೇನೆ. 'ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗಿ, ಆಮೇಲೆ ಪಶ್ಚಿಮಕ್ಕೆ ತಿರುಗಿ' ಎಂಬ ಮಾತು ನಾವಿಕರಲ್ಲಿ ಹಳೆಯದು. ಶಾಲೆಯ ಭೂಗೋಳದಲ್ಲಿ ಓದಿದ ವಾಣಿಜ್ಯ ಮಾರುತ ಅಲ್ಲಿ ಸಿಗುತ್ತದೆ. ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲ ನವೆಂಬರ್ ಕೊನೆಗೆ ಮುಗಿಯುವುದರಿಂದ ಈ ಸಮಯದಲ್ಲಿ ಹೊರಡುತ್ತಾರೆ. ಗಾಳಿ ಹಿಂದಿನಿಂದ ಬಂದರೆ ಹಾಯಾಗಿ ಹೋಗಬಹುದು ಎಂದುಕೊಂಡಿದ್ದೆ. ಹಾಗಲ್ಲ. ದೋಣಿ ಹಗಲೂ ರಾತ್ರಿ ಎಡಕ್ಕೆ ಬಲಕ್ಕೆ ಹೊರಳುತ್ತದೆ. ಮಲಗಿದವರು ಉರುಳದಂತೆ ಮಂಚದ ಬದಿಗೆ ಬಟ್ಟೆ ಬಿಗಿದಿರುತ್ತಾರೆ. ಒಲೆಯನ್ನೇ ತೊಟ್ಟಿಲಿನ ಹಾಗೆ ತೂಗಿಬಿಟ್ಟಿರುತ್ತಾರೆ. ಮೊದಲ ಮೂರು ದಿನ ನನಗೆ ಗಂಜಿ, ನಿಂಬೆ ಉಪ್ಪಿನಕಾಯಿ ಬಿಟ್ಟು ಬೇರೇನೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಾಲ್ಕನೇ ದಿನ ಉಳಿದವರೂ ಗಂಜಿ ಕೇಳಿದರು!

ಮೂರು ಗಂಟೆ ಪಾಳಿ, ಆರು ಗಂಟೆ ಬಿಡುವು. ಇಬ್ಬಿಬ್ಬರ ಮೂರು ಜೋಡಿ. ಈ ಲೆಕ್ಕದಲ್ಲಿ ಪಾಳಿಯ ಹೊತ್ತು ದಿನಾ ಬದಲಾಗುತ್ತದೆ, ಮೂರು ದಿನಕ್ಕೊಮ್ಮೆ ಮೊದಲಿನ ಹೊತ್ತಿಗೆ ಬರುತ್ತದೆ. ನಡುರಾತ್ರಿಯ ಪಾಳಿ ಒಬ್ಬರ ತಲೆಗೇ ಕಟ್ಟುವುದಿಲ್ಲ. ನನ್ನ ಜೋಡಿ ಐರ್ಲೆಂಡಿನ ಒಬ್ಬ ನಿವೃತ್ತ ನರ್ಸ್. ಕ್ಯಾಬಿನ್ ಹಂಚಿಕೊಂಡಿದ್ದೂ ಅವರ ಜೊತೆಗೇ. ಹೆಂಗಸರು ಒಬ್ಬರೇ ಹೋಗಬಹುದಾ ಎಂದು ಊರಿಂದ ಕೇಳುತ್ತಾರೆ. ಹೋಗಬಹುದು. ಆದರೆ ಕ್ಯಾಬಿನ್‌ನಲ್ಲಿ ಜೊತೆಗೆ ಯಾರು ಎಂದು ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಸ್ಕಿಪ್ಪರ್ ಮಾಡಿದ ನಿಯಮಗಳು ಕಡಿಮೆ, ಆದರೆ ಬಲು ಬಿಗಿ. ಕತ್ತಲಾದ ಮೇಲೆ ಸೊಂಟದ ಪಟ್ಟಿಯ ಕೊಕ್ಕೆ ದೋಣಿಗೆ ಸಿಕ್ಕಿಸಿಯೇ ಇರಬೇಕು. ಗಾಳಿ ಎಷ್ಟೇ ಹಗುರಾಗಿದ್ದರೂ ಸಂಜೆಗೆ ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸಬೇಕು. ಸಂಶಯ ಬಂದರೆ ಎಬ್ಬಿಸಬೇಕು. "ಎಬ್ಬಿಸಿದ್ದಕ್ಕೆ ಯಾವತ್ತೂ ಬೈಯುವುದಿಲ್ಲ, ಎಬ್ಬಿಸದಿದ್ದರೆ ಬೈಯುತ್ತೇನೆ" ಎಂದಿದ್ದರು. ನಾನು ನಾಲ್ಕು ಸಲ ಎಬ್ಬಿಸಿದೆ. ಮೂರು ಸಲ ಏನೂ ಇರಲಿಲ್ಲ. ಮೂರು ಸಲವೂ ಮೇಲೆ ಬಂದು, ಸುತ್ತ ನೋಡಿ, ನೀನು ಎಬ್ಬಿಸಿದ್ದು ಸರಿಯಾಯಿತು ಎಂದು ಹೇಳಿ ಹೋಗಿ ಮಲಗಿದರು. ನಾಲ್ಕನೆಯದು ಹನ್ನೆರಡನೇ ರಾತ್ರಿ. ರಾಡಾರ್‌ನಲ್ಲಿ ಮಳೆಯ ದಪ್ಪ ಗುರುತು ನಮ್ಮ ಹಿಂದೆಯೇ ಬರುತ್ತಿತ್ತು. ಅವರು ಬಂದು ಹಾಯಿ ಇನ್ನಷ್ಟು ಇಳಿಸಿ ಮುಗಿಸುವಷ್ಟರಲ್ಲಿ ಗಾಳಿ 18 ನಾಟ್‌ನಿಂದ 35ಕ್ಕೆ, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್‌ನಿಂದ 65ಕ್ಕೆ ಏರಿತು. ಚುಕ್ಕಾಣಿ ನನ್ನ ಕೈಯಲ್ಲೇ ಬಿಟ್ಟರು. ಪಕ್ಕದಲ್ಲಿ ನಿಂತು ಮೆಲ್ಲಗೆ 'ಎಡಕ್ಕೆ, ಸ್ವಲ್ಪ, ಸಾಕು' ಎನ್ನುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಕಲಿತಷ್ಟು ಎರಡು ಬೇಸಿಗೆಯಲ್ಲಿ ಕಲಿತಿರಲಿಲ್ಲ.

ಮೀನು ಸಿಕ್ಕಿದ್ದು ಎರಡೇ. ಸರ್ಗಾಸಮ್ ಎಂಬ ಹಳದಿ ಪಾಚಿ ಜಾಸ್ತಿ ತೇಲುತ್ತಿತ್ತು, ಗಾಳಕ್ಕೆ ಅದೇ ಸಿಗುತ್ತಿತ್ತು. ಒಂದು ಡೊರಾಡೊ ಮೀನಿಗೆ ಡಬ್ಬಿಯ ತೆಂಗಿನ ಹಾಲು, ಒಣಮೆಣಸು, ಹುಣಸೆ ಹಾಕಿ ಸಾರು ಮಾಡಿದೆ. ಅವತ್ತು ಮನೆ ನೆನಪಾಯಿತು.

ಹೋಗಬೇಕು ಎನ್ನುವವರು ಸ್ಕಿಪ್ಪರ್ ಯಾರು ಎಂದು ಕೇಳಿ, ಅವರ ಜೊತೆಗೇ ಫೋನಿನಲ್ಲಿ ಮಾತಾಡಿ. ಅದಕ್ಕೆ ಒಪ್ಪದ ಕಂಪನಿ ಬೇಡ. ಸಾಧ್ಯವಾದರೆ ಮೊದಲು ಒಂದು ವಾರದ ಪ್ರಯಾಣ ಮಾಡಿ ನೋಡಿ. ದಿನಚರಿ ಪುಸ್ತಕ ತೋರಿಸಿ ಎನ್ನಲು ಸಂಕೋಚ ಬೇಡ.

19ನೇ ದಿನ ಬೆಳಿಗ್ಗೆ ಸೇಂಟ್ ಲೂಸಿಯಾದ ಬೆಟ್ಟ ಕಂಡಿತು. ಪಿಜನ್ ಐಲ್ಯಾಂಡ್ ಬಳಸಿ ರಾಡ್ನಿ ಬೇ ಒಳಗೆ ಹೋಗುವ ಮೊದಲು ಸ್ಕಿಪ್ಪರ್ ಕೆಳಗಿಳಿದು ಕೆಂಪು ಟೇಪ್ ಬಿಚ್ಚಿದರು. ಒಬ್ಬೊಬ್ಬರಿಗೆ ಒಂದು ಬಕೆಟ್ ಸಿಹಿನೀರು. ಹದಿಮೂರು ದಿನ ಉಪ್ಪುನೀರಲ್ಲಿ ಮಿಂದ ತಲೆಗೆ ಆ ನೀರು ಬಿದ್ದಾಗ ನರ್ಸ್ ಅಮ್ಮ ಅತ್ತೇಬಿಟ್ಟರು. ನಾನೂ ಅತ್ತೆ.

ದೂರಿಗೆ ಉತ್ತರವಾಗಿ ಕಂಪನಿ ಮುಂದಿನ ಪ್ರಯಾಣಕ್ಕೆ ರಿಯಾಯಿತಿ ಕೊಡುತ್ತೇವೆ ಎಂದಿದೆ. ಬೇಡ ಎಂದು ಬರೆದೆ. ಆ ಸ್ಕಿಪ್ಪರ್ ಈಗ ಅಲ್ಲಿಲ್ಲ. ಮೇ ತಿಂಗಳಲ್ಲಿ ಬೇರೆ ದೋಣಿಯನ್ನು ಅಜೋರ್ಸ್ ದ್ವೀಪಗಳ ಮೂಲಕ ಯುರೋಪಿಗೆ ಒಯ್ಯುತ್ತಾರಂತೆ. ದಾರಿಯಲ್ಲಿ ಹೋರ್ಟಾ ಬಂದರಿನ ಗೋಡೆಗೆ ಪ್ರತಿ ದೋಣಿಯವರೂ ಒಂದು ಚಿತ್ರ ಬರೆದು ಹೋಗುವ ರೂಢಿ ಇದೆ. ನಾನು ರಜೆಗೆ ಅರ್ಜಿ ಹಾಕಿದ್ದೇನೆ.